ಗಾಜಿನ ಪೆಟ್ಟಿಗೆಯ ಸಿಡಿಲಮ್ಮ

ನಮ್ಮ ಸಿರಿಗೇರಿಯಲ್ಲಿ ನಿಂತು ‘ಹೊನ್ನೂರಮ್ಮಾ’ ಎಂದು ಕೂಗಿದರೆ ಓಣಿಗೊಬ್ಬಳು ಬಾಗಿಲಿಗೆ ಬರುತ್ತಾಳೆ. ಹಾಗಾಗಿ ಊರಿನವರು ಒಬ್ಬೊಬ್ಬಳಿಗೂ ಒಂದೊಂದು ಬಾಲ ಅಂಟಿಸಿದ್ದಾರೆ. ಹಾಲಿನ ಹೊನ್ನೂರಮ್ಮ, ಗಿರಣಿ ಹೊನ್ನೂರಮ್ಮ, ಜಗಳದ ಹೊನ್ನೂರಮ್ಮ. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡಿರುವವಳು ತರಬೇತಿ ಹೊನ್ನೂರಮ್ಮ.

ಸರ್ಕಾರವಿರಲಿ, ಸಂಘವಿರಲಿ, ಯಾರೇ ತರಬೇತಿ ಇಟ್ಟರೂ ಮೊದಲ ಸಾಲಿನ ಕುರ್ಚಿ ಅವಳದು. ಎರೆಹುಳು ಗೊಬ್ಬರ, ಮೇಣದ ಬತ್ತಿ, ಹೊಲಿಗೆ, ಮಣ್ಣು ಪರೀಕ್ಷೆ ಎಲ್ಲವನ್ನೂ ಕಲಿತಿದ್ದಾಳೆ. ಅಣಬೆ ಬೆಳೆಯುವುದನ್ನೂ ಕಲಿತಳು. ನಮ್ಮ ಬೇಸಿಗೆಗೆ ಆ ಅಣಬೆ ಹಪ್ಪಳವಾಯಿತು. ಪ್ರಮಾಣಪತ್ರ ಮಾತ್ರ ಬಾಡಲಿಲ್ಲ. ಪಡಸಾಲೆಯ ಗೋಡೆಯಲ್ಲಿ ಪ್ರಮಾಣಪತ್ರಗಳಿಗೆ ಜಾಗ ಸಾಲದೆ, ತೀರಿಹೋದ ಮಾವನ ಫೋಟೊ ಅಡುಗೆಮನೆಗೆ ವರ್ಗವಾಯಿತು. ಗಂಡ ಕೊಟ್ಟೂರಪ್ಪ ಭತ್ತ ಕೊಯ್ಯುವ ಮಷಿನ್ನು ಓಡಿಸುವವನು. ಸುಗ್ಗಿ ಬಂದರೆ ಊರೂರು ತಿರುಗುತ್ತಾನೆ, ಮನೆಯ ಗೋಡೆಯ ಮೇಲೆ ಏನಿದೆ ಎಂದು ತಲೆ ಎತ್ತಿ ನೋಡುವಷ್ಟು ಪುರುಸೊತ್ತು ಅವನಿಗಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನೌಕರಿಯಲ್ಲಿದ್ದಾಗ ನನ್ನನ್ನೂ ಆಗಾಗ ಕೂಡಿಹಾಕಿ ತರಬೇತಿ ಕೊಡುತ್ತಿದ್ದರು. ಅಲ್ಲೆಲ್ಲ ನಾನು ಕಲಿತ ಒಂದೇ ವಿದ್ಯೆ, ಕಣ್ಣು ತೆರೆದುಕೊಂಡು ನಿದ್ದೆ ಮಾಡುವುದು. ಆದ್ದರಿಂದ ತರಬೇತಿ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ದಿನ ಬೆಳಿಗ್ಗೆ ಹೊನ್ನೂರಮ್ಮ ಇಸ್ತ್ರಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಹೊರಟಿದ್ದಳು.

“ಈ ಸಲ ಏನವ್ವಾ?” ಎಂದೆ.

“ಪುರಾತತ್ವ ಅಂತ್ರಿ ಮಾಸ್ತರ್ರ. ಬಳ್ಳಾರ್ಯಾಗ.”

“ಹಂಗಂದ್ರ?”

“ಹಳೇದನ್ನ ಹುಡುಕಾದು.”

“ಅದಕ್ಕ ಬಳ್ಳಾರಿಗ್ಯಾಕ ಹೋಗ್ತಿ? ನಿಮ್ಮತ್ತಿ ಮನ್ಯಾಗ ಅದಾಳಲ್ಲ.”

ಒಳಗಿಂದ ಅತ್ತೆ ಯಂಕಮ್ಮ ಕೆಮ್ಮಿದಳು. “ಮಾಸ್ತರ, ನಿನ್ನ ಹಲ್ಲು ಎಷ್ಟು ಉಳಿದಾವ ಎಣಿಸಿಕೊಂಡು ಆಮ್ಯಾಲ ನನ್ನ ಮಾತಾಡು,” ಎಂದಳು. ನಮ್ಮಿಬ್ಬರಿಗೂ ಹೀಗೆ ನಡೆದಿರುತ್ತದೆ.

ಬಳ್ಳಾರಿಯಲ್ಲಿ ಒಂದು ಸಂಸ್ಥೆಯವರು ಸಣ್ಣದೊಂದು ವಸ್ತುಸಂಗ್ರಹಾಲಯ ನಡೆಸುತ್ತಾರೆ. ಹಳ್ಳಿಯ ಹೆಂಗಸರಿಗೆ ಪುರಾತತ್ವ ಕಲಿಸಿ, ಅವರಿಂದ ಹಳ್ಳಿಗೆ ತಿಳಿಸಬೇಕೆಂಬುದು ಅವರ ಯೋಜನೆ. ಕಲಿಸಿದವಳು ಸೌಂದರ್ಯ ಎಂಬ ಹುಡುಗಿ, ಪುರಾತತ್ವವನ್ನೇ ಓದಿದವಳು, ದೊಡ್ಡ ಟೋಪಿಯವಳು. ಸಂಗನಕಲ್ಲಿನ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಕಬ್ಬಿಣ ಕಾಣದ ಕಾಲದ ಜನ ಕಪ್ಪು ಕಲ್ಲನ್ನು ಒಡೆದು, ಕುಟ್ಟಿ, ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದ ಜಾಗ ತೋರಿಸಿದಳಂತೆ. ಉಜ್ಜಿ ಉಜ್ಜಿ ಬಂಡೆಯಲ್ಲಿ ತಗ್ಗು ಬಿದ್ದಿವೆ. ಹೊನ್ನೂರಮ್ಮ ಆ ತಗ್ಗಿನೊಳಗೆ ಕೈಯಿಟ್ಟು ನೋಡಿ ಬಂದಳು.

ಬಂದ ಮೇಲೆ ನಮ್ಮ ಓಣಿಗೆ ನೆಮ್ಮದಿಯಿಲ್ಲ. ಬಚ್ಚಲಿಗೆಂದು ಯಾರೋ ಗುಂಡಿ ತೋಡಿದರೆ ಇವಳು ಮೇಲೆ ನಿಂತು, “ನಿಲ್ರಿ, ಮಣ್ಣಿನ ಪದರ ನೋಡ್ಬೇಕು,” ಎನ್ನುತ್ತಿದ್ದಳು. ಹಳೆಯ ವಸ್ತುವಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಕಪ್ಪು ಬಿಳಿ ಬಣ್ಣದ ಅಳತೆ ಪಟ್ಟಿ ಇಡಬೇಕಂತೆ, ಇಲ್ಲದಿದ್ದರೆ ಅದು ಫೋಟೊ ಅಲ್ಲವಂತೆ. ಮಗಳು ಗಂಗೋತ್ರಿ ಬಸುರಾಗಿ ಕುಬಸದ ಕಾರ್ಯ ಮಾಡಿದಾಗ ಹೋಳಿಗೆ ತಾಟಿನ ಪಕ್ಕದಲ್ಲೂ ಆ ಪಟ್ಟಿ ಇಟ್ಟೇ ಫೋಟೊ ತೆಗೆದಳು. ಆ ಫೋಟೊ ನೋಡಿದರೆ ಗಂಗೋತ್ರಿಯನ್ನೂ ನೆಲದಿಂದ ಅಗೆದು ತೆಗೆದಂತೆ ಕಾಣುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮನೆಯ ದೇವರ ಜಗಲಿಯ ಮೇಲೆ ಸಿಡಿಲಮ್ಮ ಇದ್ದಳು.

ಸಿಡಿಲಮ್ಮ ಎಂದರೆ ಅಂಗೈಯಷ್ಟು ಕಪ್ಪು ಕಲ್ಲು. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ, ಮೈಯೆಲ್ಲ ನುಣುಪು. ಯಂಕಮ್ಮನ ಅತ್ತೆ ಗುಡ್ಡಕ್ಕೆ ಕಟ್ಟಿಗೆಗೆ ಹೋದಾಗ ಸಿಕ್ಕಿದ್ದು. ಸಿಡಿಲು ಬಡಿದಾಗ ಮುಗಿಲಿನಿಂದ ಬಿದ್ದ ಕಲ್ಲು ಎಂದು ಮನೆಯವರ ನಂಬಿಕೆ. ಆ ಮನೆಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಚೊಂಬಿನ ನೀರಲ್ಲಿ ಅದನ್ನು ಅದ್ದಿ, ಆ ನೀರು ಕುಡಿಸುತ್ತಿದ್ದರು. ಸಿಡಿಲಿನ ಹಾಗೆ ಕೂಸು ಸರಕ್ಕನೆ ಬರಲಿ ಎಂದು. ಯಂಕಮ್ಮನೇ ಓಣಿಯ ಎಷ್ಟೋ ಬಸುರಿಯರಿಗೆ ಆ ನೀರು ಕೊಟ್ಟಿದ್ದಾಳೆ. ಹೊನ್ನೂರಮ್ಮನೂ ಕುಡಿದೇ ಗಂಗೋತ್ರಿಯನ್ನು ಹೆತ್ತಳು.

ಹೊನ್ನೂರಮ್ಮ ಜಗಲಿಯ ಮುಂದೆ ಕೂತು ಆ ಕಲ್ಲಿನ ಕುಂಕುಮ ಒರೆಸಿ ನೋಡಿದಳು. ಒಡೆದ ಗುರುತು, ಕುಟ್ಟಿದ ಗುರುತು, ಉಜ್ಜಿದ ಗುರುತು. ಸೌಂದರ್ಯಳನ್ನು ಕರೆಸಿದಳು. ಆ ಹುಡುಗಿ ಚಪ್ಪಲಿ ಹೊರಗೆ ಬಿಟ್ಟು ಬಂದು, ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ಕೊಡಲಿನೇ ಹೊನ್ನೂರಮ್ಮಾರ. ಚೊಲೋ ಕೊಡಲಿ. ಆದ್ರ ನೀವು ಪೂಜಿ ಮಾಡೋ ವಸ್ತು, ಇಲ್ಲೇ ಇರಲಿ. ನಾವು ಫೋಟೊ ತಗೊಂಡು ಹೋಗ್ತೀವಿ,” ಎಂದಳು.

ನೋಡಿ, ಓದಿದವಳು ಬಿಟ್ಟು ಹೋಗಲು ತಯಾರಿದ್ದಳು. ಬಿಡದವಳು ನಮ್ಮವಳೇ. ವಸ್ತು ಕೊಟ್ಟವರ ಹೆಸರು ಗಾಜಿನ ಪೆಟ್ಟಿಗೆಯ ಮೇಲೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೋಡೆಯ ಪ್ರಮಾಣಪತ್ರಗಳನ್ನು ಸಿರಿಗೇರಿ ಮಾತ್ರ ನೋಡುತ್ತದೆ, ಆ ಹೆಸರನ್ನು ಬಳ್ಳಾರಿಯೇ ನೋಡುತ್ತದಲ್ಲ! ಅತ್ತೆಗೆ ಏನೇನೋ ಹೇಳಿ ಒಪ್ಪಿಸಿದಳು.

“ಗಾಜಿನ ಗುಡಿ ಐತ್ರಿ ಅತ್ತಿ. ಹಗಲೆಲ್ಲಾ ಕರೆಂಟು ದೀಪ. ಬಾಗಿಲಿಗೆ ಕಾವಲು. ನಮ್ಮ ಜಗಲಿ ಮ್ಯಾಲ ಹಲ್ಲಿ ಓಡ್ಯಾಡ್ತಾವ.”

“ಪೂಜಿ?”

“ದಿನಾ ಜನ ಬಂದು ನೋಡಿ ಹೋಗ್ತಾರ್ರಿ.”

ಇದು ಸುಳ್ಳಲ್ಲ. ನಿಜವೂ ಅಲ್ಲ. ಯಂಕಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಮೂರನೆಯ ದಿನ ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ತವರಿಗೆ ಬಂದ ಮಗಳನ್ನು ಕಳಿಸುವಾಗ ಹೇಗೋ ಹಾಗೆ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಳು. ನನಗೆ ಹೊನ್ನೂರಮ್ಮನ ಮೇಲೆ ಸಿಟ್ಟು ಬಂತು. ಒಂದು ವಾರ ಮಾತು ಬಿಟ್ಟೆ, ಅದು ಅವಳ ಗಮನಕ್ಕೆ ಬರಲಿಲ್ಲ.

ಸಂಸ್ಥೆಯವರು ಅವಳನ್ನೇ ಮಂಗಳವಾರ ಮತ್ತು ಶನಿವಾರ ಬಂದವರಿಗೆ ವಿವರಿಸಲು ಸ್ವಯಂಸೇವಕಿಯಾಗಿ ಇಟ್ಟುಕೊಂಡರು. ಪೆಟ್ಟಿಗೆಗಳ ಬೀಗದ ಕೈ ಸೊಂಟಕ್ಕೆ ಬಂತು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ಯಂಕಮ್ಮನಿಗೂ ರೆಕ್ಕೆ ಬಂತು. ಸಿಡಿಲಮ್ಮನನ್ನು ನೋಡಲು ಒಂದು ಸೋಮವಾರ ಸ್ನಾನ ಮಾಡಿ, ಉಪವಾಸವಿದ್ದು, ಕಾಯಿ ಊದುಬತ್ತಿ ತೆಗೆದುಕೊಂಡು ಒಬ್ಬಳೇ ಹೋದಳು. ಬಾಗಿಲಿಗೆ ಬೀಗ. ವಾರದ ರಜೆ ಎಂದು ಕಾವಲುಗಾರ ಹೇಳಿದ.

“ಸೋಮಾರ ದೇವ್ರಿಗೆ ಸೂಟಿ ಏನಲೇ?” ಎಂದು ಅವನನ್ನು ಬೈದು, ಹೊಸ್ತಿಲಿಗೆ ಕಾಯಿ ಒಡೆದು ಬಂದಳು.

ಮರುದಿನ ಮತ್ತೆ ಹೋದಳು, ಸೊಸೆಯ ಜೊತೆಗೆ. ಒಳಗೆ ಕಾಯಿ ಬೇಡ, ದೀಪ ಬೇಡ, ಕುಂಕುಮವಂತೂ ಬೇಡವೇ ಬೇಡ. ಕಲ್ಲನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದರು. ಯಂಕಮ್ಮ ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನಿಂತಳು.

“ಮುತ್ತೈದಿ ಆಗಿದ್ಲು. ಬೋಳು ಮಾಡ್ಯಾರ,” ಎಂದಳಂತೆ. ಬಸ್ಸಿನಲ್ಲಿ ಸೊಸೆಯ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು.

ಇನ್ನು ಹೋಗಲಾರಳು ಎಂದುಕೊಂಡೆವು. ಆದರೆ ಪ್ರತಿ ಮಂಗಳವಾರ ಹೊರಡತೊಡಗಿದಳು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಟ್ಟರು. ಅಲ್ಲಿ ಕೂತು, ಬಂದ ಜನಕ್ಕೆ ಸೊಸೆ ಹೇಳುವುದನ್ನೆಲ್ಲ ಕೇಳಿಸಿಕೊಂಡು ಬರುತ್ತಿದ್ದಳು. ಹೊನ್ನೂರಮ್ಮನ ಮಾತು ಬಾಯಿಪಾಠ: “ಇದನ್ನ ಸಿಡಿಲ ಕಲ್ಲು ಅಂತಾರ. ಇದು ಸಿಡಿಲಿನಿಂದ ಬಂದಿದ್ದಲ್ಲ, ದೇವ್ರೂ ಅಲ್ಲ. ಮರ ಕಡ್ಯಾಕ ನಮ್ಮಂಥಾ ಮನುಷ್ಯಾರು ಕೈಯಿಂದ ಮಾಡಿದ ಕೊಡ್ಲಿ. ಇದರ ನೀರು ಕುಡದ್ರ ಹೆರಿಗಿ ಸಲೀಸಾಗೂದಿಲ್ಲ. ದವಾಖಾನಿಗೆ ಹೋಗ್ರಿ.” ಕೊನೆಯ ಮಾತು ಸೌಂದರ್ಯ ಕಲಿಸಿದ್ದಲ್ಲ. ಅದು ಹಿಂದಿನ ಯಾವುದೋ ಆರೋಗ್ಯ ತರಬೇತಿಯದು, ಇವಳೇ ಸೇರಿಸಿದ್ದು.

ಹಳ್ಳಿಗಳಲ್ಲೂ ಭಾಷಣ ಮಾಡಿದಳು. ಹಚ್ಚೊಳ್ಳಿಯಲ್ಲಿ ಕೇಳಿದವರೆಲ್ಲ ತಲೆದೂಗಿದರು, ಕೊನೆಗೆ ಒಬ್ಬಳು ಎದ್ದು, “ಅಷ್ಟು ಹಳೇ ದೇವ್ರು ಅಂದ್ರ ಭಾಳ ಶಕ್ತಿ ಇರ್ತತ್ರಿ. ಬಳ್ಳಾರಿಗೆ ಬಂದು ಹರಕಿ ಹೊತ್ರ ನಡೀತತೇನು?” ಎಂದಳು. ಅಳಿಯನ ಊರು ಕುರುಗೋಡಿನಲ್ಲಿ ಮುದುಕರು ಗಂಭೀರವಾಗಿ ಕೇಳಿ, ಇದಕ್ಕೆ ಪೆನ್ಷನ್ ಏನಾದರೂ ಬರುತ್ತದೆಯೇ ಎಂದು ವಿಚಾರಿಸಿದರು. ಆಮೇಲೆ ಸಂಗ್ರಹಾಲಯಕ್ಕೆ ಬಸುರಿಯರು ಬರಲು ಶುರುವಾಯಿತು. ಗಾಜಿನ ಮುಂದೆ ಕೈಮುಗಿದು, ಹೊನ್ನೂರಮ್ಮ ಹೇಳುವುದನ್ನು ಪುರಾಣ ಕೇಳಿದಂತೆ ಕೇಳಿ, ಗಲ್ಲ ಬಡಿದುಕೊಂಡು ಹೋಗುತ್ತಿದ್ದರು. ಹಳ್ಳಿ ಹೆಂಗಸರಲ್ಲಿ ಪುರಾತತ್ವದ ಆಸಕ್ತಿ ಹೆಚ್ಚಿದೆ ಎಂದು ಸಂಸ್ಥೆಯವರಿಗೆ ಹಿಗ್ಗು. ಹೊನ್ನೂರಮ್ಮನಿಗೂ ಹಿಗ್ಗು, ಅವಳಿಗೆ ಮುಂದಿನ ಸಾಲಿನ ಕುರ್ಚಿಯಿಂದ ವೇದಿಕೆಗೆ ಬಡ್ತಿ ಸಿಕ್ಕಿತ್ತು.

ಹೀಗಿರುವಾಗ ಗಂಗೋತ್ರಿಗೆ ದಿನ ತುಂಬಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಶನಿವಾರ, ತಾಯಿ ಸಂಗ್ರಹಾಲಯಕ್ಕೆ ಹೋದ ಮೇಲೆ ನೋವು ಕಾಣಿಸಿತು. ಕೊಟ್ಟೂರಪ್ಪ ಮಷಿನ್ನಿನ ಜೊತೆ ಎಲ್ಲಿಯೋ ತುಂಗಭದ್ರೆಯ ಆಚೆಗಿದ್ದ. ಯಂಕಮ್ಮ ಗೋಡೆ ಬಡಿದು ನನ್ನನ್ನು ಕರೆದಳು. ಬಾಡಿಗೆ ಕಾರು ಹಿಡಿದು ಮೂವರೂ ಬಳ್ಳಾರಿಯ ಆಸ್ಪತ್ರೆಗೆ ಬಂದೆವು. ಕುರುಗೋಡಿನಲ್ಲಿ ಅಳಿಯ ಸಂಗಮೇಶನೂ ಹತ್ತಿದ. ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಕೈಗೆ ಹತ್ತಿದ್ದ ಗ್ರೀಸನ್ನೂ ತೊಳೆಯದೆ ಬಂದಿದ್ದ. ಒಳ್ಳೆಯ ಹುಡುಗ, ಆದರೆ ಅತ್ತೆಯ ಮಾತೆಂದರೆ ಅವನಿಗೆ ಶಾಸನ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. “ಮಗುವಿನ ಎದೆಬಡಿತ ಇಳೀತಾ ಇದೆ. ಕಾಯೋಕಾಗಲ್ಲ, ಆಪರೇಷನ್ ಮಾಡಬೇಕು. ಬೇಗ ಸಹಿ ಮಾಡಿಕೊಡಿ,” ಎಂದು ಹೇಳಿ ಒಳಗೆ ಹೋದರು. ನಾನು ಹೊನ್ನೂರಮ್ಮನಿಗೆ ಫೋನು ಮಾಡಿದೆ.

ಆಗ ಅವಳೇನು ಮಾಡುತ್ತಿದ್ದಳು ಎಂಬುದನ್ನು ನನಗೆ ಆಮೇಲೆ ಹೇಳಿದವನು ಶಶಿಕಾಂತ್, ನನ್ನ ಹಳೆಯ ಶಿಷ್ಯ. ಸಿರುಗುಪ್ಪದ ಒಂದು ಶಾಲೆಯಲ್ಲಿ ಮಾಸ್ತರ, ಅವತ್ತು ಮಕ್ಕಳನ್ನು ಸಂಗ್ರಹಾಲಯಕ್ಕೆ ಕರೆತಂದಿದ್ದ. ಹೊನ್ನೂರಮ್ಮ ಸರಿಯಾಗಿ “ದೇವ್ರೂ ಅಲ್ಲ” ಎಂಬಲ್ಲಿಗೆ ಬಂದಿದ್ದಳಂತೆ. ಫೋನು ಎತ್ತಿದಳು. ನಾನು ಇದ್ದದ್ದನ್ನು ಹೇಳಿದೆ.

“ಸಹಿ ಮಾಡಬ್ಯಾಡ ಅನ್ರಿ ಅಳಿಯಂದ್ರಿಗೆ! ನಾ ಬರೋತನಕ ತಡೀರಿ. ನೀರು ತರ್ತೀನಿ,” ಎಂದು ಕೂಗಿದಳು. ಎಂಥ ನೀರು ಎಂದು ನಾನು ಕೇಳುವಷ್ಟರಲ್ಲಿ ಫೋನು ಇಟ್ಟಾಯಿತು.

ಸೊಂಟದ ಬೀಗದ ಕೈ ತೆಗೆದು, ಮಕ್ಕಳ ಮುಂದೆಯೇ ಪೆಟ್ಟಿಗೆ ತೆರೆದಳಂತೆ. ಕಾವಲುಗಾರನ ಊಟದ ಚೊಂಬಿಗೆ ನಲ್ಲಿ ನೀರು ಹಿಡಿದು, ಕಲ್ಲನ್ನು ಅದರಲ್ಲಿ ಅದ್ದಿ, ಕಣ್ಣು ಮುಚ್ಚಿ, ತುಟಿ ಕುಣಿಸುತ್ತ ನಿಂತಳಂತೆ. ಕಣ್ಣಿಂದ ನೀರು ಇಳಿಯುತ್ತಿತ್ತು. ಶಶಿಕಾಂತ್ ಗಾಬರಿಯಾಗಿ, “ಇದೇನ್ರಿ ಅಮ್ಮಾರ?” ಎಂದ. “ಪ್ರಾತ್ಯಕ್ಷಿಕಿ!” ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಸೌಂದರ್ಯ ಆಚೆ ಕೋಣೆಯಿಂದ ಬಂದು, ಇದು ಹೊಸ ವಿಧಾನವೆಂದು ತಿಳಿದು ಫೋಟೊ ತೆಗೆದುಕೊಂಡಳು. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಈಗಲೂ ಆ ಚಿತ್ರವಿದೆ, ಕೆಳಗೆ ‘ಜನರ ನಂಬಿಕೆಯನ್ನು ಅಭಿನಯದ ಮೂಲಕ ತಿಳಿಸುತ್ತಿರುವ ಕಾರ್ಯಕರ್ತೆ’ ಎಂದು ಬರೆದಿದ್ದಾರೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ವಿಸ್ತರಿಸಿ ಬರೆಸಿದ್ದೇನೆ. ಅದಕ್ಕೊಂದು ಚಿತ್ರ ಮಾತ್ರ ನನ್ನ ನೌಕರಿ ಮುಗಿದ ಮೇಲೆ ಸಿಕ್ಕಿತು.

ಇತ್ತ ಆಸ್ಪತ್ರೆಯಲ್ಲಿ ಸಂಗಮೇಶ ಪೆನ್ನು ಹಿಡಿದುಕೊಂಡು ನಿಂತಿದ್ದ. ನರ್ಸಮ್ಮ ಬಂದು, “ಏಮಯ್ಯಾ, ಇನ್ನಾ ಆಗ್ಲಿಲ್ಲೇನು?” ಎಂದು ಗದರಿದಳು.

“ಅತ್ತಿಯಾರು ತಡೀರಿ ಅಂದಾರ್ರಿ,” ಎಂದ ಅವನು. ಜಗತ್ತಿಗೆಲ್ಲ ಬುದ್ಧಿ ಹೇಳುವ ನಾನೂ ಅವತ್ತು ಅವನಿಗೆ ಸಹಿ ಮಾಡು ಎನ್ನಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬೆಂಚಿನ ಮೇಲೆ ಮುದುಡಿ ಕೂತಿದ್ದ ಯಂಕಮ್ಮ ಎದ್ದಳು. “ಯಾಕ ತಡೀಬೇಕಂತ?” ಎಂದಳು.

“ಏನೋ ನೀರು ತರ್ತಾರಂತ್ರಿ, ಅಮ್ಮ.”

ಮುದುಕಿ ಅವನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು: “ಆ ಸಿಡಿಲಮ್ಮ ಕೊಡ್ಲಿ ಐತ್ರಿ ಅಳಿಯಂದ್ರ. ಮರ ಕಡ್ಯಾಕ ಮಾಡ್ಯಾರ. ನಿಮ್ಮತ್ತೀನ ಹೇಳ್ಯಾಳ, ನಾ ವಾರಾ ವಾರಾ ಕೇಳೀನಿ. ಸಹಿ ಮಾಡ್ರಿ.”

ಅವನು ಮಾಡಿದ. ಗಂಗೋತ್ರಿಯನ್ನು ಒಳಗೆ ಕರೆದುಕೊಂಡು ಹೋದರು.

ಹೊನ್ನೂರಮ್ಮ ಬಂದದ್ದು ಬಹಳ ಹೊತ್ತಿನ ಮೇಲೆ. ಗಡಿಗಿ ಚನ್ನಪ್ಪ ಸರ್ಕಲ್ಲಿನಲ್ಲಿ ಆಟೊ ಸಿಕ್ಕಿಹಾಕಿಕೊಂಡು, ಇಳಿದು ಬಿಸಿಲಿನಲ್ಲಿ ಓಡಿ ಬಂದಿದ್ದಳು. ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡಿದ್ದಳು, ಸೀರೆಯ ಮುಂಭಾಗವೆಲ್ಲ ತೊಯ್ದಿತ್ತು. ಬಾಗಿಲು ಮುಚ್ಚಿರುವುದನ್ನು ನೋಡಿ ಅವಳಿಗೆ ಅರ್ಥವಾಯಿತು.

“ಯಾರು ಸಹಿ ಮಾಡಂದ್ರು?”

“ನಾನು,” ಎಂದಳು ಯಂಕಮ್ಮ.

“ಅತ್ತಿ, ನೀವಾ? ನಿಮ್ಮ ದೇವ್ರ ನೀರು ತರಾಕ್ಹತ್ತಿದ್ದೆ ನಾನು!”

“ಅದು ದೇವ್ರ ಅಲ್ಲ ಅಂತ ಊರೂರು ಸಾರಿದಾಕಿ ಯಾರಲೇ? ಅಷ್ಟು ಜನರ ಮುಂದ ಸುಳ್ಳು ಹೇಳ್ತಿದ್ದೇನು?”

ಯಾವ ತರಬೇತಿಯಲ್ಲೂ ಈ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

“ನನಗ ಗೊತ್ತಿಲ್ರಿ ಅತ್ತಿ,” ಎಂದಳು ಹೊನ್ನೂರಮ್ಮ. “ಮಂದಿ ಮುಂದ ಹೇಳುವಾಗ ಖರೇ ಅನಸ್ತಿತ್ತು. ಗಂಗೋತ್ರಿ ಅಂದಕೂಡ್ಲೇ ಏನೂ ನೆನಪಾಗಲಿಲ್ಲ.”

ಯಂಕಮ್ಮ ಅವಳನ್ನು ರಟ್ಟೆ ಹಿಡಿದು ಬೆಂಚಿನ ಮೇಲೆ ಕೂಡಿಸಿದಳು. ತಾನೂ ಕೂತಳು. ನಮ್ಮ ಮುದುಕಿ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಕೊಟ್ಟೂರನಕಿಂತ ಮೊದಲ ಒಂದು ಹುಟ್ಟಿತ್ತು, ಹೆಣ್ಣು. ಎರಡು ದಿನ ನೋವು ತಿಂದೆ. ನಮ್ಮತ್ತಿ ಆ ನೀರು ಕುಡಿಸಿದ್ರು, ಕುಡಿಸಿದ್ರು. ಸತ್ತ ಕೂಸು ಬಂತು. ನಿನ್ನ ಭಕ್ತಿ ಕಡಿಮಿ ಆತು, ಅದಕ್ಕ ಅಮ್ಮ ಕೈ ಹಿಡೀಲಿಲ್ಲ ಅಂದ್ರು. ನಾನೂ ಹಂಗ ತಿಳಕೊಂಡೆ. ಅದಕ್ಕ ಇಷ್ಟು ವರ್ಷ ಕಲ್ಲು ಬಿಡದಂಗ ಪೂಜಿ ಮಾಡಿದೆ.”

ಸಂಗಮೇಶ ಅತ್ತ ತಿರುಗಿ ನಿಂತ.

“ಅಲ್ಲಿ ಸ್ಟೂಲಿನ ಮ್ಯಾಲ ಕುಂತು ನಿನ್ನ ಮಾತು ಕೇಳಿದೆ. ಕೊಡ್ಲಿ ಅಂದಿ. ಮೊದಲ ಸಲ ನಿನ್ನ ಮ್ಯಾಲ ಸಿಟ್ಟು ಬಂತು. ಆಮ್ಯಾಲ ತಿಳೀತು, ಕೊಡ್ಲಿ ಆದ್ರ ಅದು ಕೈ ಹೆಂಗ ಹಿಡೀತತಿ? ನಂದೇನೂ ತಪ್ಪಿರಲಿಲ್ಲ. ಅದನ್ನ ಮತ್ತ ಮತ್ತ ಕೇಳಾಕ ಬರ್ತಿದ್ದೆ, ಹೊನ್ನೂರಿ. ಕಲ್ಲು ನೋಡಾಕಲ್ಲ.”

ಹೊನ್ನೂರಮ್ಮ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು. ಎಷ್ಟು ಊರಿನಲ್ಲಿ ಎಷ್ಟು ಜನಕ್ಕೆ ಹೇಳಿದಳೋ, ನಂಬಿದವಳು ಯಂಕಮ್ಮ ಒಬ್ಬಳೇ. ಹೇಳಿದವಳೂ ನಂಬಿರಲಿಲ್ಲ. ಸಂಸ್ಥೆಯವರ ಯೋಜನೆ ಗೆದ್ದಿತೋ ಸೋತಿತೋ ನನಗೆ ಗೊತ್ತಾಗುವುದಿಲ್ಲ, ಆದರೆ ಅವತ್ತಿನಿಂದ ತರಬೇತಿ ಎಂದರೆ ನಾನು ಬೈಯುವುದು ಸ್ವಲ್ಪ ಕಡಿಮೆಯಾಗಿದೆ.

ಬಾಗಿಲು ತೆರೆಯಿತು. ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬಂದಳು. ಹೆಣ್ಣು. ತಾಯಿ ಹುಷಾರಾಗಿದ್ದಾಳೆ ಎಂದಳು. ಹೊನ್ನೂರಮ್ಮ ಚೊಂಬನ್ನು ಬೆಂಚಿನ ಮೇಲಿಟ್ಟು, ಎದ್ದು ಎರಡೂ ಕೈ ಚಾಚಿದಳು.

“ಓಡಿ ಬಂದೀರಿ, ಕೈಯೆಲ್ಲಾ ಧೂಳು. ಮೊದಲ ಸೋಪು ಹಚ್ಚಿ ತೊಳ್ಕೊಂಡು ಬರ್ರಿ,” ಎಂದಳು ನರ್ಸಮ್ಮ.

ಮೂಲೆಯ ಸಿಂಕಿನಲ್ಲಿ ಸೋಪಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಹೊನ್ನೂರಮ್ಮ ಸೋಪಿನ ಕೈ ಮುಂದೆ ಹಿಡಿದು ದಿಕ್ಕು ತೋಚದೆ ನಿಂತಳು. ಯಂಕಮ್ಮ ಬೆಂಚಿನ ಮೇಲಿನ ಚೊಂಬು ಎತ್ತಿಕೊಂಡು ಬಂದಳು.

“ಅತ್ತಿ, ಅದು...”

“ನೀರು,” ಎಂದಳು ಯಂಕಮ್ಮ. “ಹಿಡಿ ಕೈ.” ಸೊಸೆಯ ಕೈಮೇಲೆ ನಿಧಾನಕ್ಕೆ ಸುರಿದಳು, ಚೊಂಬು ಖಾಲಿಯಾಗುವವರೆಗೆ.